‘ಆರಿಯಾ’ ಬಗ್ಗೆ ನಾನು ಬರೆಯದೆ ಬಿಟ್ಟದ್ದು

ಎರಡು ತಿಂಗಳ ಹಿಂದೆ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ‘ಆರಿಯಾ’ ಎಂಬ ಶಬ್ದದ ಬಗ್ಗೆ ಒಂದು ಪುಟ ಬರೆದಿದ್ದೆ. ಓದಿದವರು ಮೆಚ್ಚಿಕೊಂಡರು. ವರ್ತಕ ನಗರದಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ, “ಎಂಥ ಶಬ್ದ ಹಿಡಿದ್ರಿ ಮಾರಾಯ್ರೆ, ಎಲ್ಲಿ ಸಿಕ್ಕಿತು ನಿಮಗೆ?” ಎಂದು ಕೇಳಿದರು. “ಆಫೀಸಿನಲ್ಲಿ ಸಾಮಾನು ಇಳಿಸುವವರ ಬಾಯಲ್ಲಿ ಕೇಳಿದೆ” ಎಂದೆ. ಅದು ಸುಳ್ಳಲ್ಲ. ಆ ಪುಟದಲ್ಲಿ ಇದ್ದದ್ದು ಯಾವುದೂ ಸುಳ್ಳಲ್ಲ. ಅದರಲ್ಲಿ ಇಲ್ಲದ್ದನ್ನು ಈಗ ಬರೆಯುತ್ತಿದ್ದೇನೆ.

ನನಗೆ ಶಬ್ದಗಳ ಹುಚ್ಚು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಅಪ್ಪ ಹಟ ಹಿಡಿದು ಕಲಿಸಿದ ಕನ್ನಡ. ಹೀಗೆ ಡೊಂಬಿವಲಿಯಲ್ಲಿ ಬೆಳೆದವಳಿಗೆ ಒಂದು ಶಬ್ದ ಎಲ್ಲಿಂದ ಬಂತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿದ ಮೇಲೆ ಅದು ಚಟವೇ ಆಯಿತು. ಅಲಮಾರಿ, ಚಾವಿ, ಮೇಸ್ತ್ರಿ ಈ ಮೂರೂ ಪೋರ್ಚುಗೀಸರ ಜೊತೆ ಬಂದಿಳಿದ ಶಬ್ದಗಳು ಎಂದು ಠಾಕುರ್ಲಿಯಿಂದ ಠಾಣೆಯವರೆಗೆ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಚೀಲದಲ್ಲಿ ಯಾವಾಗಲೂ ಕೆಂಪು ರಟ್ಟಿನ ನೋಟ್‌ಪುಸ್ತಕ. ಮೀನು ತೂಗುತ್ತಿರುವವಳನ್ನು ತಡೆದು ಅವಳ ಶಬ್ದ ಕೇಳಿದ್ದೇನೆ. ಹೊಲಿಗೆ ಯಂತ್ರ ತುಳಿಯುತ್ತಿರುವ ದರ್ಜಿಯನ್ನು ನಿಲ್ಲಿಸಿ ಬರೆದುಕೊಂಡಿದ್ದೇನೆ. ಅವರೆಲ್ಲ ನಕ್ಕು ಉತ್ತರ ಕೊಟ್ಟಿದ್ದಾರೆ. ಯಾರ ಕೈ ಬಿಡುವಾಗಿದೆ, ಯಾರದಿಲ್ಲ ಎಂದು ನೋಡುವ ಅಭ್ಯಾಸ ಮಾತ್ರ ನನಗೆ ಆಗಲಿಲ್ಲ.

ನನ್ನ ಆಫೀಸು ಬೇಲಾಪುರದಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಅಲ್ಲಿ ದಾಖಲೆಗಳ ಅನುವಾದ ನೋಡಿಕೊಳ್ಳುವುದು ನನ್ನ ಕೆಲಸ. ಈ ವರ್ಷ ಆಫೀಸನ್ನು ಪಕ್ಕದ ಬೀದಿಗೆ ಬದಲಾಯಿಸಿದರು. ಮೇಜು, ಕುರ್ಚಿ, ಕಂಪ್ಯೂಟರುಗಳೆಲ್ಲ ಲಿಫ್ಟಿನಲ್ಲಿ ಇಳಿದವು. ಉಳಿದದ್ದು ಫೈಲು ಇಡುವ, ಬೆಂಕಿ ತಗಲದ ದಪ್ಪ ಕಬ್ಬಿಣದ ಹಸಿರು ಕಪಾಟು. ಅದು ಲಿಫ್ಟಿನ ಬಾಗಿಲಲ್ಲಿ ಹಿಡಿಸಲಿಲ್ಲ. ಅದನ್ನು ಮೆಟ್ಟಿಲಿನಿಂದ ಇಳಿಸಲು ಒಂದು ಶನಿವಾರ ಮಧ್ಯಾಹ್ನ ಏಳು ಜನರ ಗುಂಪು ಬಂತು.

ಬಂದವರು ಕನ್ನಡ ಮಾತನಾಡುತ್ತಿದ್ದರು. ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಮನೆ. ಗುಂಪಿನ ಹಿರಿಯನಿಗೆ ಐವತ್ತು ದಾಟಿರಬಹುದು. ನರೆತ ಮೀಸೆ, ತೆಳ್ಳನೆಯ ಮೈ, ಆ ಮೈಗೆ ಹೊಂದದ ದೊಡ್ಡ ದನಿ. ನಾನು ಕನ್ನಡದಲ್ಲಿ ಮಾತನಾಡಿಸಿದ ಕೂಡಲೇ ಅವರ ಮುಖ ಅರಳಿತು.

“ನಮ್ಮ ಕಡಿಯವ್ರೇನ್ರಿ ಅಕ್ಕಾರ?”

“ಅಲ್ಲ, ಉಡುಪಿ ಕಡೆ.”

“ಹಂಗಾರ ಹೋಟೆಲ್‌ದವ್ರು!”

“ಎಲ್ಲರೂ ಹೋಟೆಲಿನವರೇ ಆಗ್ಬೇಕಾ? ನನಗೆ ಸರಿಯಾಗಿ ದೋಸೆ ಹೊಯ್ಲಿಕ್ಕೂ ಬರುವುದಿಲ್ಲ.”

“ಮಾವಾ, ಉಡುಪ್ಯಾಗ ಹುಟ್ಟಿ ದ್ವಾಸಿ ಬರೂದಿಲ್ಲಂತ. ಎಂಥಾ ಕಾಲ ಬಂತು!” ಎಂದ ಇನ್ನೊಬ್ಬ. ಅವನು ಹಿರಿಯರ ಹೆಂಡತಿಯ ತಮ್ಮ, ಮೂವತ್ತರ ಆಸುಪಾಸಿನ ಗಟ್ಟಿ ಆಳು, ಮಾತಿನಲ್ಲಿ ಚುರುಕು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನಿಂದ ನನಗೆ ಅವರ ಮೇಲೆ ಏನೋ ಸಲಿಗೆ ಸಿಕ್ಕಿತು ಅಂದುಕೊಂಡೆ.

ಅವರ ಕೆಲಸದ ಕ್ರಮ ಹೀಗಿತ್ತು. ಕಪಾಟಿಗೆ ದಪ್ಪ ಹಗ್ಗ ಬಿಗಿದು, ಆ ಹಗ್ಗವನ್ನು ಮೂರನೆಯ ಮಹಡಿಯ ಕಂಬಕ್ಕೆ ಎರಡು ಸುತ್ತು ಹಾಕಿ ನಾಲ್ವರು ಹಿಡಿದಿದ್ದರು. ಇಬ್ಬರು ಕಪಾಟಿನ ಕೆಳಗಡೆ ನಿಂತು, ಅದು ಗೋಡೆಗೆ ಬಡಿಯದಂತೆ ದಾರಿ ತೋರಿಸುತ್ತಿದ್ದರು. ಹೆಂಡತಿಯ ತಮ್ಮ ಆ ಇಬ್ಬರಲ್ಲಿ ಒಬ್ಬ. ಹಿರಿಯರು ಮೆಟ್ಟಿಲು ತಿರುಗುವ ಜಾಗದಲ್ಲಿ ನಿಂತು ಕೂಗುತ್ತಿದ್ದರು. ಹಗ್ಗ ಹಿಡಿದವರಿಗೆ ಕಪಾಟು ಕಾಣಿಸುವುದಿಲ್ಲ. ಅವರಿಗೆ ಕೇಳುವುದು ಇವರ ದನಿ ಮಾತ್ರ. “ಆರಿಯಾ” ಎಂದರೆ ಹಗ್ಗ ಬಿಡಬೇಕು, “ನಿಂದ್ರು” ಎಂದರೆ ಬಿಗಿ ಹಿಡಿಯಬೇಕು. ಆರಿಯಾ ಎಂದ ಮೇಲೆ ನಿಂದ್ರು ಎನ್ನುವವರೆಗೂ ಬಿಡುತ್ತಲೇ ಇರಬೇಕು. ಮೆಟ್ಟಿಲಿಗೊಂದು ಆರಿಯಾ, ಮೆಟ್ಟಿಲಿಗೊಂದು ನಿಂದ್ರು.

ನಾನು ಎರಡನೆಯ ಮಹಡಿಯಲ್ಲಿ ಚಹಾ ಕುಡಿಯುತ್ತಿದ್ದೆ. ಆ ಶಬ್ದ ಕಿವಿಗೆ ಬಿದ್ದದ್ದೇ ಲೋಟ ಕೆಳಗಿಟ್ಟೆ. ಆರಿಯಾ! ಹಾಯಿಯನ್ನೋ ಹಗ್ಗವನ್ನೋ ಕೆಳಗಿಳಿಸುವುದಕ್ಕೆ ಪೋರ್ಚುಗೀಸಿನಲ್ಲಿ ‘ಅರಿಯಾರ್’ ಎನ್ನುತ್ತಾರೆ. ಹಡಗಿನಲ್ಲಿ ದುಡಿದ ನಮ್ಮ ಖಲಾಸಿಗಳು ಅದನ್ನು ಕಲಿತರು, ಅವರಿಂದ ಮುಂಬಯಿಯ ಬಂದರಿಗೆ ಬಂತು, ಬಂದರಿನಿಂದ ಕ್ರೇನುಗಳ ಬುಡಕ್ಕೆ, ಅಲ್ಲಿಂದ ಕಟ್ಟಡ ಕೆಲಸಕ್ಕೆ. ಪುಸ್ತಕದಲ್ಲಿ ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ವಾಶಿಯ ಸೇತುವೆ ದಾಟುವಾಗ ಕಾಣುವ ಸಮುದ್ರದ ಖಾಡಿಯನ್ನು ಬಿಟ್ಟರೆ ನೀರನ್ನೇ ಹೆಚ್ಚು ನೋಡದ ಮನುಷ್ಯ ಹಡಗಿನ ಶಬ್ದವನ್ನು ಬೇಲಾಪುರದ ಮೆಟ್ಟಿಲ ಮೇಲೆ ಕೂಗುತ್ತಿದ್ದಾರೆ. ನೋಟ್‌ಪುಸ್ತಕ ತೆಗೆದುಕೊಂಡು ಮೆಟ್ಟಿಲು ಹತ್ತಿದೆ.

ಅರ್ಧ ಹತ್ತುವಷ್ಟರಲ್ಲಿ ಹೆಂಡತಿಯ ತಮ್ಮ ನನ್ನನ್ನು ಕಂಡು, “ಅಕ್ಕಾರ, ಕೆಳಗ ನಿಂದರಬ್ಯಾಡ್ರಿ, ಹೋಗ್ರಿ” ಎಂದ. ಬಹಳ ಮೆಲ್ಲಗೆ ಹೇಳಿದ. ದೋಸೆಯ ಬಗ್ಗೆ ಅಷ್ಟು ಜೋರಾಗಿ ತಮಾಷೆ ಮಾಡಿದವನು ಈಗ ಪಿಸುಗುಡುವುದೇಕೆ ಎಂದು ಯೋಚಿಸಲಿಲ್ಲ. ತಲೆಯಾಡಿಸಿ, ಹೋಗದೆ, ಇನ್ನೂ ಎರಡು ಮೆಟ್ಟಿಲು ಹತ್ತಿ ತಿರುವಿನ ಅಂಚಿಗೇ ಬಂದು ನಿಂತೆ.

“ಆರಿಯಾ...” ಎಂದರು ಹಿರಿಯರು. ಕಪಾಟು ಮೆಟ್ಟಿಲಿನ ಅಂಚಿಗೆ ಬಂತು.

“ಅಣ್ಣ, ಆ ಆರಿಯಾ ಅಂತೀರಲ್ಲ, ಅದನ್ನು ನಿಮಗೆ ಯಾರು ಕಲಿಸಿದ್ದು?” ಎಂದು ಕೇಳಿದೆ. ಅವರಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಅವರು ನನ್ನ ಕಡೆ ತಿರುಗಿದರು.

ಮೇಲಿನ ನಾಲ್ವರು ಹಗ್ಗ ಬಿಡುತ್ತಲೇ ಇದ್ದರು. ನಿಂದ್ರು ಬರಲಿಲ್ಲ. ಕಪಾಟು ಅಂಚು ದಾಟಿ ಮುಗ್ಗರಿಸಿತು. ಕಲ್ಲಿನ ಮೇಲೆ ಕಬ್ಬಿಣ ಕೆರೆಯುವ ಸದ್ದು. ನನಗೆ ಕಂಡದ್ದು ಹಸಿರು ಬಣ್ಣದ ಒಂದು ಬಾಗಿಲು ನನ್ನ ಕಡೆಗೆ ದೊಡ್ಡದಾಗುತ್ತಾ ಬರುತ್ತಿರುವುದು. ಕಾಲು ಕಿತ್ತಿಡಬೇಕೆಂದು ಹೊಳೆಯಲೇ ಇಲ್ಲ. ಯಾರದೋ ಎರಡು ಕೈ ಎದೆಗೆ ಬಡಿದವು. ನಾನು ಹಿಂದಕ್ಕೆ ಹೋಗಿ ಕೆಳಗಿನ ಮೆಟ್ಟಿಲುಗಳ ಕಂಬಿಗೆ ಆತು ಕುಸಿದೆ. ಮತ್ತೆ ನೋಡಿದಾಗ ಕಪಾಟು ಗೋಡೆಗೆ ಒರಗಿ ನಿಂತಿತ್ತು. ಹೆಂಡತಿಯ ತಮ್ಮನ ಬಲಗಾಲಿನ ಪಾದ ಅದರ ಅಡಿಯಲ್ಲಿತ್ತು. ಅವನು ಕೂಗಲಿಲ್ಲ, ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ಇದ್ದ. ಅವನು ಪಕ್ಕಕ್ಕೆ ಹಾರಬಹುದಿತ್ತು. ಅವನ ಜೊತೆಯವನು ಹಾರಿದ್ದ. ಇವನಿಗಿದ್ದ ಆ ಒಂದು ಕ್ಷಣ ನನ್ನನ್ನು ತಳ್ಳುವುದಕ್ಕೆ ಖರ್ಚಾಗಿತ್ತು.

ಕಪಾಟು ಎತ್ತಿ ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಮ್ಯಾನೇಜರು ನನ್ನನ್ನು ಕೂರಿಸಿ ನೀರು ಕೊಟ್ಟರು. ಆ ಗುಂಪನ್ನು ಕಳಿಸಿದ್ದ ಗುತ್ತಿಗೆದಾರನೂ ಅಲ್ಲೇ ಇದ್ದ. ಹಿರಿಯರು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದರು.

“ಮ್ಯಾಡಮ್, ಆಪ್ ತೋ ವಹೀಂ ಥೀ ನಾ? ಹುವಾ ಕ್ಯಾ?” ಎಂದರು ಮ್ಯಾನೇಜರು. ನೀವು ಅಲ್ಲೇ ಇದ್ದಿರಲ್ಲ, ಏನಾಯಿತು?

ಶಬ್ದಗಳನ್ನು ಆರಿಸುವುದೇ ನನ್ನ ಕೆಲಸ. ಆಗಲೂ ಆರಿಸಿದೆ. “ಇವರು ನಿಲ್ಲಿಸಿ ಎಂದು ಕೂಗಲಿಲ್ಲ” ಎಂದು ಹಿಂದಿಯಲ್ಲಿ ಹೇಳಿದೆ. ಗುತ್ತಿಗೆದಾರ ಹಿರಿಯರ ಕಡೆ ತಿರುಗಿ, “ಸುನಾ?” ಎಂದ. ಕೇಳಿದೆಯಾ? ಅವರು ನನ್ನ ಮುಖ ನೋಡಿದರು. ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಿದರೆ ಒಪ್ಪಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಸಿದ್ಧವಾಗಿದ್ದೆ. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಯಾವ ಮೆಟ್ಟಿಲು ಕಂಡರೂ ಆ ಹಸಿರು ಬಾಗಿಲು ಬರತೊಡಗಿತು. ಠಾಣೆಯಲ್ಲಿ ರೈಲು ಬದಲಿಸುವಾಗ ಮೇಲ್ಸೇತುವೆಯ ನಡುವೆ ನಿಂತುಬಿಡುತ್ತಿದ್ದೆ, ಹಿಂದಿನವರು “ಚಲಾ ನಾ ಮಾವಶಿ”, ನಡೆಯಿರಿ ಚಿಕ್ಕಮ್ಮ, ಎಂದು ಬೈದು ದಾಟುತ್ತಿದ್ದರು. ಎದೆಯ ಮೇಲೆ ಆ ಎರಡು ಕೈಗಳ ಪೆಟ್ಟು ಹಾಗೇ ಇರುತ್ತಿತ್ತು. ಮನಸ್ಸಿನಲ್ಲಿ ಪ್ರತಿ ಸಲವೂ ಬೇರೆ ಬೇರೆ ಆಗುತ್ತಿತ್ತು. ಒಮ್ಮೆ ನಾನು ಕೆಳಗೇ ಚಹಾ ಕುಡಿಯುತ್ತಿದ್ದೆ. ಒಮ್ಮೆ ಬಾಯಿ ತೆರೆದರೂ ದನಿ ಬರುತ್ತಿರಲಿಲ್ಲ. ಒಮ್ಮೆ ಅವನು ತಳ್ಳುತ್ತಲೇ ಇರಲಿಲ್ಲ.

ಅದೆಲ್ಲದರ ನಡುವೆ ನಾನು ಪತ್ರಿಕೆಯ ಆ ಅಂಕಣ ಬರೆದೆ. ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಕಪಾಟು ಜಾರಿದ ಹತ್ತನೆಯ ದಿನ, ಸಂಪಾದಕರು ನೆನಪಿಸಿದರು ಎಂಬ ಕಾರಣಕ್ಕೆ, ನೋಟ್‌ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ‘ಆರಿಯಾ’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಪೋರ್ಚುಗೀಸರ ಹಾಯಿಯಿಂದ ಹಿಡಿದು ಬೇಲಾಪುರದ ಮೆಟ್ಟಿಲಿನವರೆಗೆ ಒಂದೇ ಬೈಠಕ್ಕಿನಲ್ಲಿ ಬರೆದು ಮುಗಿಸಿದೆ. ವಾಶಿ ಸೇತುವೆಯ ಮಾತನ್ನೂ ಹಾಕಿದೆ, ಅದು ಚೆನ್ನಾಗಿ ಬಂದಿತ್ತು. “ಭಾರವನ್ನು ಮೆಲ್ಲಗೆ ಇಳಿಸುವ ಶಬ್ದವಿದು” ಎಂದು ಮುಗಿಸಿದ್ದೆ.

ಪತ್ರಿಕೆ ಬಂದ ದಿನ ಮಗಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಕಾಲು ಮಡಚಿ ಕುಳಿತು ಪೂರ್ತಿ ಕೇಳಿದಳು. ನನಗಾದ ಅಪಾಯ ಅವಳಿಗೆ ಗೊತ್ತಿತ್ತು. ಅದರ ಕಾರಣ ಗೊತ್ತಿರಲಿಲ್ಲ.

“ಅಚ್ಛಾ ಹೈ ಮಮ್ಮಿ. ಪರ್ ಇಸ್ ಮೇ ವೋ ಆದ್ಮೀ ಕಹಾಂ ಹೈ?” ಎಂದಳು. ನಿನ್ನನ್ನು ತಳ್ಳಿ ಉಳಿಸಿದವನು ಇದರಲ್ಲಿ ಎಲ್ಲಿದ್ದಾನೆ?

“ಇದು ಶಬ್ದದ ಬಗ್ಗೆ ಬರೆದದ್ದು, ಅವನ ಬಗ್ಗೆ ಅಲ್ಲ” ಎಂದೆ.

“ಓಕೆ” ಎಂದು ಎದ್ದು ಹೋದಳು.

ನಾನು ಅಲ್ಲೇ ಕುಳಿತೆ. ಸಬೂಬು ಎಂಬುದರ ಹಿಂದೆ ಅರಬ್ಬಿಯ ‘ಸಬಬ್’ ಇದೆ, ಅಲ್ಲಿ ಅದಕ್ಕೆ ಕಾರಣ ಎಂದರ್ಥ. ಕಾರಣವಾಗಿದ್ದದ್ದು ನಮ್ಮಲ್ಲಿಗೆ ಬಂದು ನೆಪವಾದದ್ದು ಹೇಗೆ ಎಂದು ಹಿಂದೊಮ್ಮೆ ಬರೆದಿದ್ದೆ. ಜವಾಬ್ದಾರ ಎಂದರೆ ಜವಾಬು ಇಟ್ಟುಕೊಂಡವನು, ಕೇಳಿದಾಗ ಕೊಡಬೇಕಾದವನು ಎಂದೂ ಬರೆದಿದ್ದೆ. ಸಾಕ್ಷಿಯಲ್ಲಿ ಅಕ್ಷಿ ಇದೆ, ಕಣ್ಣಾರೆ ಕಂಡವರು ಸಾಕ್ಷಿ. ಇದೆಲ್ಲ ಗೊತ್ತಿದ್ದವಳು ನಾನು. ಇಷ್ಟು ತಿಳಿದವಳು ಮ್ಯಾನೇಜರ ಎದುರು ಒಂದು ವಾಕ್ಯವನ್ನು ಪೂರ್ತಿ ಮಾಡಲಿಲ್ಲ.

ಮರುದಿನ ಗುತ್ತಿಗೆದಾರನಿಂದ ವಿಳಾಸ ಪಡೆದುಕೊಂಡೆ. ಕೊಡುತ್ತಾ ಅವನು ಸಹಜವಾಗಿ ಹೇಳಿದ, “ಬುಡ್ಢೇ ಕೋ ಅಬ್ ಆವಾಜ್ ನಹೀಂ ದೇನೇ ದೇತೇ.” ಮುದುಕನಿಗೆ ಈಗ ಕೂಗಲು ಬಿಡುವುದಿಲ್ಲ. ಹಗ್ಗ ಎಳೆಯಲು ಹಾಕಿದ್ದಾರಂತೆ.

ಭಾನುವಾರ ಬೆಳಿಗ್ಗೆ ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾ ಹಿಡಿದು, ಆಮೇಲೆ ಕೇಳಿಕೊಂಡು, ತಗಡಿನ ಮಾಡಿನ ಸಾಲುಮನೆಗಳ ಓಣಿಗೆ ಬಂದೆ. ಹೆಂಡತಿಯ ತಮ್ಮ ಬಾಗಿಲಲ್ಲೇ ಕುಳಿತಿದ್ದ. ಪ್ಲಾಸ್ಟರು ತೆಗೆದಿದ್ದರು, ಪಾದ ಬಣ್ಣಗೆಟ್ಟು ಬಾತಿತ್ತು, ಪಕ್ಕದಲ್ಲಿ ಊರುಗೋಲು.

“ಬರ್ರಿ ಅಕ್ಕಾರ” ಎಂದ. ಬಳಿಕ ನನ್ನ ಚೀಲದ ಕಡೆ ನೋಡಿ, “ಆ ಶಬ್ದದ ಅರ್ಥ ಸಿಕ್ತೇನ್ರಿ?” ಎಂದ.

ಅವನಿಗೆ ಎಲ್ಲವೂ ಗೊತ್ತಿತ್ತು. ನನ್ನ ಪಕ್ಕದಲ್ಲೇ ಇದ್ದವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಹಿರಿಯರು ಒಳಗಿದ್ದರು. ಅವರ ಹೆಂಡತಿ ನನಗೆ ನೀರು ತಂದುಕೊಟ್ಟು, ಗಂಡನ ಕಡೆ ನೋಡದೆಯೇ ತಮ್ಮನ ಪಕ್ಕ ಹೋಗಿ ಕುಳಿತಳು. ಆ ದಿನ ನಡುವೆ ಮಾತನಾಡಿದ್ದು ನಾನೇ, ಅದನ್ನು ಮ್ಯಾನೇಜರಿಗೆ ಹೇಳದೆ ಬಿಟ್ಟದ್ದೂ ನಾನೇ ಎಂದು ಹೇಳಿದೆ. ಎರಡು ವಾಕ್ಯ ಹೇಳಲು ನಾಲ್ಕು ಸಲ ತಡವರಿಸಿದೆ.

“ನೀವು ಮಾತಾಡಿದ್ದು ಖರೇ” ಎಂದರು ಹಿರಿಯರು. “ತಿರುಗಿದ್ದು ನಾನು.”

“ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಖುಷಿಯಾಗಿ ತಿರುಗಿದ್ರಿ ಅಂದುಕೊಂಡಿದ್ದೆ” ಎಂದೆ.

ಆ ಬೆಳಿಗ್ಗೆ ಅವರು ಮೊದಲ ಸಲ ಸ್ವಲ್ಪ ನಕ್ಕರು. “ಖುಷಿ ಎಲ್ಲಿದ್ರಿ ಅಕ್ಕಾರ. ಹಗ್ಗದ ಮ್ಯಾಲ ಭಾರ ಇದ್ದಾಗ ಒಂದ ಬಾಯಿ. ಬಾಕಿ ಮಂದಿ ಹಿಂದ್ಯಾಗ, ಮರಾಠ್ಯಾಗ ಏನರ ಒದರ್ಲಿ, ನಮ್ಮ ಕಿವಿಗಿ ಬೀಳೂದಿಲ್ಲ. ಕನ್ನಡದಾಗ ಕೆಳಗಿಂದ ದನಿ ಬಂತಂದ್ರ ನಮ್ಮವರಿಗೇ ಏನೋ ಆಗೇತಿ ಅಂತ. ಅದಕ್ಕ ತಿರುಗಿದೆ. ನೋಡಿದ್ರ ನೀವು.”

“ಪುಸ್ತಕ ಹಿಡ್ಕೊಂಡು” ಎಂದ ಹೆಂಡತಿಯ ತಮ್ಮ.

ಕನ್ನಡದ ದನಿ ಹಿರಿಯರ ಕಿವಿಗೆ ಬೀಳಬಾರದೆಂದೇ ಅವನು ಆ ದಿನ ನನಗೆ ಪಿಸುಗುಟ್ಟಿದ್ದ. ನನ್ನ ಭಾಷೆ ಅವರನ್ನು ಸೆಳೆಯಿತು ಎಂದು ಇಷ್ಟು ದಿನ ಒಳಗೊಳಗೇ ಇಟ್ಟುಕೊಂಡಿದ್ದ ಸಣ್ಣ ಹೆಮ್ಮೆಯೊಂದು, ಅಷ್ಟು ಜನರ ಎದುರು, ಹೋಯಿತು. ಕೂರಲೂ ಆಗದೆ ಏಳಲೂ ಆಗದೆ ನೀರಿನ ಲೋಟ ಹಿಡಿದುಕೊಂಡಿದ್ದೆ.

“ಇವರು ಆಗಲೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಹೆಂಗ ಹೇಳೂದ್ರಿ?” ಎಂದಳು ಹೆಂಡತಿ. “ಆಫೀಸಿನ ಬಾಯಾರು ಎದುರಿಗೆ ಕುಂತು ಹಂಗಂದ್ರ, ಹಮಾಲನ ಮಾತು ಯಾರು ಕೇಳ್ತಾರ? ನಾನೂ ಕೇಳಲಿಲ್ಲ. ನನ್ನ ತಮ್ಮನ ಕಾಲು ತಗದಿ ಅಂತ ಬೈದೆ. ಇವ ಹೇಳಿದ ಮ್ಯಾಲೂ ನಂಬಲಿಲ್ಲ, ಮಾವನ್ನ ಕಾಯಾಕತ್ತಾನ ಅಂದೆ.” ಇವ ಎಂದು ತಮ್ಮನ ಕಡೆ ಕೈ ಮಾಡಿದಳು.

ಹೆಂಡತಿಯ ತಮ್ಮ ಊರುಗೋಲು ಎತ್ತಿಕೊಂಡ. “ಮನ್ಯಾಗ ಹೇಳಿದ್ರ ಏನ ಆಗೂದೈತ್ರಿ? ನಾಳೆ ನಾಕಾಕ್ಕ ಬರ್ರಿ. ಎಲ್ಲಾರ ಮುಂದ ಹೇಳ್ರಿ. ಗುತ್ತಿಗೆದಾರನೂ ಇರ್ತಾನ.”

ನಾಕಾ ಎಂದರೆ ಅವರು ಬೆಳಿಗ್ಗೆ ಕೆಲಸಕ್ಕಾಗಿ ಸೇರುವ ಮೂಲೆ. ಸೋಮವಾರ ಆಫೀಸಿಗೆ ರಜೆ ಹಾಕಿ ಹೋದೆ. ಇಪ್ಪತ್ತು ಮೂವತ್ತು ಜನ ಚಹಾದ ಗಾಡಿಯ ಸುತ್ತ ನಿಂತಿದ್ದರು, ಹಿರಿಯರೂ ಅವರಲ್ಲಿದ್ದರು. ಹೆಂಡತಿಯ ತಮ್ಮ ರಿಕ್ಷಾದಿಂದ ಇಳಿದು, “ಅಕ್ಕಾರು ಏನೋ ಹೇಳ್ತಾರಂತ, ಕೇಳ್ರಿ” ಎಂದ. ನಾನು ಕನ್ನಡದಲ್ಲಿ ಹೇಳಿದೆ, ಆಮೇಲೆ ಗುತ್ತಿಗೆದಾರನಿಗಾಗಿ ಹಿಂದಿಯಲ್ಲೂ ಹೇಳಿದೆ. ಈ ಸಲ ಏನನ್ನೂ ಆರಿಸಲಿಲ್ಲ. ಇವರು ನಿಂದ್ರು ಎನ್ನುವ ಹೊತ್ತಿಗೆ ಸರಿಯಾಗಿ ನಾನು ಮಾತನಾಡಿದೆ, ಹೋಗಿ ಎಂದರೂ ಹೋಗಿರಲಿಲ್ಲ, ಕೇಳಿದಾಗ ಅರ್ಧ ಹೇಳಿದೆ ಎಂದೆ. ಮ್ಯಾನೇಜರಿಗೂ ಬರೆದು ಕೊಡುತ್ತೇನೆ ಎಂದೆ. ಅದನ್ನು ಆಮೇಲೆ ಕೊಟ್ಟೆ.

ಯಾರೂ ಬೈಯಲಿಲ್ಲ. ಒಬ್ಬ ವಯಸ್ಸಾದವರು ಚಹಾದ ಲೋಟ ಕೆಳಗಿಟ್ಟು, “ಬಾಯಾರ, ನಿಮ್ಮ ಕಾಲು ನೆಟ್ಟಗೈತಲ್ರಿ?” ಎಂದರು. ಹೌದು ಎಂದೆ. “ಆತು ಬಿಡ್ರಿ” ಎಂದು ಲೋಟ ಮತ್ತೆ ಎತ್ತಿಕೊಂಡರು.

ಅಲ್ಲೇ ಎದುರಿಗೆ ಒಂದು ಹಿಟ್ಟಿನ ಗಿರಣಿಗೆ ಹೊಸ ಯಂತ್ರ ಬಂದಿತ್ತು. ಟೆಂಪೋದಿಂದ ಹಲಗೆಯ ಮೇಲೆ ಜಾರಿಸಿ ಇಳಿಸಬೇಕಿತ್ತು. ಹಗ್ಗ ಬಿಗಿದರು. ಈಚೆಗೆ ಹಿರಿಯರ ಬದಲು ಕೂಗುತ್ತಿದ್ದವನು ಮುಂದೆ ಬಂದ. ಹೆಂಡತಿಯ ತಮ್ಮ ಊರುಗೋಲು ಅಡ್ಡ ಹಿಡಿದ.

“ಮಾವಾ, ನೀ ಕೂಗು.”

“ಒಲ್ಲೆಪಾ.”

“ಕಾಲು ನಂದು. ನಾ ಹೇಳಾಕತ್ತೀನಿ, ಕೂಗು. ಅಕ್ಕಾರ, ನೀವು ಆ ಕಡೆ ಹೋಗ್ರಿ.”

ನಾನು ರಸ್ತೆ ದಾಟಿ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಪಕ್ಕ ನಿಂತೆ. ಮೇಲಕ್ಕೆ ಎತ್ತುವಾಗ ಅವರು ‘ಹಬೇಸ್’ ಎನ್ನುತ್ತಾರೆ. ಅದು ಎಲ್ಲಿಂದ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ಹಿಂದಿನ ದಿನ ಅವರ ಮನೆಯಲ್ಲಿ ಅಷ್ಟು ಹೊತ್ತು ಕುಳಿತಿದ್ದಾಗ, ಅಂಥ ಹೊತ್ತಿನಲ್ಲೂ, ಒಮ್ಮೆ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು.

ಹಿರಿಯರು ಹಲಗೆಯ ಪಕ್ಕ ನಿಂತರು. ಮೇಲೆ ಹಗ್ಗ ಹಿಡಿದವರನ್ನು ನೋಡಿದರು, ಕೆಳಗಿನ ಇಬ್ಬರನ್ನು ನೋಡಿದರು. ಬಾಯಿ ತೆರೆದವರು ಮತ್ತೆ ಮುಚ್ಚಿ, ರಸ್ತೆಯಾಚೆ ನನ್ನ ಕಡೆ ಒಮ್ಮೆ ತಿರುಗಿದರು. ಸಿಟ್ಟಿನಿಂದಲ್ಲ. ನಾನು ಎಲ್ಲಿದ್ದೇನೆ, ಬಾಯಿ ಮುಚ್ಚಿಕೊಂಡಿದ್ದೇನೆಯೇ ಎಂದು ಖಾತ್ರಿ ಮಾಡಿಕೊಂಡರು, ಹಗ್ಗದ ಗಂಟು ಬಿಗಿಯಾಗಿದೆಯೇ ಎಂದು ನೋಡುವ ಹಾಗೆ. ಆಮೇಲೆ ಕೂಗಿದರು.